ಜಾಮೀನು ಸಿಕ್ಕಿದೆ, ಆದರೆ ಮನೆಗೆ ಬಂದಿಲ್ಲ

ಕಾನೂನು ವಿದ್ಯಾರ್ಥಿಗಳಾದ ನಾವು ಸಂವಿಧಾನದ ವಿಧಿ 14 ಓದುವಾಗ "ಕಾನೂನಿನ ಮುಂದೆ ಎಲ್ಲರೂ ಸಮಾನರು" ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಈ ಸಮಾನತೆ ಎಲ್ಲಿ ಸೋರಿಹೋಗುತ್ತದೆ ಅನ್ನುವುದು ಗೊತ್ತಾಗಿದ್ದು ಜಾಮೀನಿನ ಅಧ್ಯಾಯಕ್ಕೆ ಬಂದಾಗ. ಸೆಕ್ಷನ್ ಎಲ್ಲರಿಗೂ ಒಂದೇ. ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಎಂದು ಹೊಣೆ ಹೊರುವವರನ್ನು, ಹೊಂದಿಸುವ ತಾಕತ್ತು ಒಂದೇ ಅಲ್ಲ.

ಮೊದಲು 1978ರ ಮೋತಿರಾಮ್ ಕೇಸು ಓದಿ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು, ಒಡಹುಟ್ಟಿದವನು ನಿಲ್ಲಲು ಬಂದರೆ ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ, ಆಗಲ್ಲ ಅಂದರು. ಆ ಕಾಲದ ಹತ್ತು ಸಾವಿರ! ಕೊನೆಗೆ ಸುಪ್ರೀಂ ಕೋರ್ಟು 1,000 ರೂಪಾಯಿಯ ಸ್ವಂತ ಬಾಂಡ್ (ತಾನೇ ಬರೆದುಕೊಡುವ ಮುಚ್ಚಳಿಕೆ) ಮೇಲೆ ಬಿಡಿ ಎಂದಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ನಮ್ಮನ್ನೂ ಎಳೆದು ತರುತ್ತಾರೆ: ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರ್‌ನಲ್ಲೋ ಚಾಂದನಿ ಚೌಕದಲ್ಲೋ ಅರೆಸ್ಟ್ ಆದರೆ, ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ಹುಡುಕಿ ತರಬೇಕು ಎಂಬ ಅರ್ಥದಲ್ಲಿ. ಪರೀಕ್ಷೆಗೆ ಇದೊಂದು ನೆನಪಿದ್ದರೂ ಸಾಕು.

ಮುಂದಿನದು 1979ರ ಹುಸೇನಾರಾ ಖಾತೂನ್ ಕೇಸು. ಎಲ್ಲರೂ "ತ್ವರಿತ ವಿಚಾರಣೆ ವಿಧಿ 21ರ (ಜೀವ, ಸ್ವಾತಂತ್ರ್ಯದ ಹಕ್ಕಿನ) ಭಾಗ" ಅಂತ ಒಂದು ಸಾಲು ಉರು ಹೊಡೆಯುತ್ತಾರೆ. ಅದು ಸರಿ, ಆದರೆ ಸಂಗತಿ ನೋಡಿ. ಬಿಹಾರದ ಜೈಲುಗಳಲ್ಲಿ ಕೆಲವರು ತಮ್ಮ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ದಿನ ಒಳಗೇ ಇದ್ದರು, ಅದೂ ವಿಚಾರಣೆ ಮುಗಿಯದೆ. ಇನ್ನು ಕೆಲವು ಹೆಂಗಸರ ಮೇಲೆ ಆರೋಪವೇ ಇರಲಿಲ್ಲ. ಅವರು ಅನ್ಯಾಯಕ್ಕೆ ಒಳಗಾದವರು, ಇಲ್ಲವೇ ಸಾಕ್ಷಿ ಹೇಳಬೇಕಾದವರು. "ರಕ್ಷಣೆ" ಅಂತ ಹೆಸರಿಟ್ಟು ಜೈಲಿಗೆ ಹಾಕಿದ್ದರು. ಇಷ್ಟು ವರ್ಷ ಯಾರೂ ಏನೂ ಬಚ್ಚಿಟ್ಟಿರಲಿಲ್ಲ, ಎಲ್ಲ ರಿಜಿಸ್ಟರಿನಲ್ಲೇ ಇತ್ತು. ನಿವೃತ್ತ ಪೊಲೀಸ್ ಅಧಿಕಾರಿ ರುಸ್ತುಂಜಿ ಪತ್ರಿಕೆಯಲ್ಲಿ ಬರೆದರು, ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಅದನ್ನು ಓದಿ ಅರ್ಜಿ ಹಾಕಿದರು. ಆಮೇಲೆಯೇ ಕೋರ್ಟು ಕೇಳಿದ್ದು.

ಇದು ಹಳೇ ಕತೆ ಅಂದುಕೊಂಡರೆ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು, ಅಂದರೆ ಇನ್ನೂ ತೀರ್ಪು ಬಾರದವರು. ನಾಲ್ವರಲ್ಲಿ ಮೂವರು.

ಈಗ ಬಿಎನ್‌ಎಸ್‌ಎಸ್, ಅಂದರೆ ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಸೆಕ್ಷನ್ 479: ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೆ ಕಳೆದಿದ್ದರೆ ಜಾಮೀನು, ಹಿಂದೆ ಯಾವ ಕೇಸಿನಲ್ಲೂ ಅಪರಾಧಿ ಎಂದು ತೀರ್ಪಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಇದಿಲ್ಲ. ತೊಡಕು ಇರುವುದು ಉಪ-ಸೆಕ್ಷನ್ 2ರಲ್ಲಿ. ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೆ ಈ ಅನುಕೂಲ ಸಿಗುವುದಿಲ್ಲ. ಒಬ್ಬನ ಮೇಲೆ ಎರಡು ಚಿಲ್ಲರೆ ಕಳ್ಳತನದ ಕೇಸಿದ್ದರೆ ಏನಾಗುತ್ತೆ, ಯೋಚಿಸಿ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದೂ ಹೌದು ಅನ್ನುವುದು ಉಪ-ಸೆಕ್ಷನ್ 3. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೇಳಿತು: ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಗೆ ಬರದವರ ವಿಷಯ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಆದೇಶ ಆಗಿಯೂ ಒಳಗೇ ಉಳಿಯುವವರು ಇದ್ದಾರೆ ಅಂತ ಕೋರ್ಟೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಜಾಮೀನು ಹಕ್ಕಾಗಿಯೇ ಸಿಗುವ ಅಪರಾಧಗಳಿಗೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 478 ನೋಡಿ. ಅರೆಸ್ಟ್ ಆಗಿ ಒಂದು ವಾರದಲ್ಲಿ ಜಾಮೀನು ಹೊಂದಿಸಲಾಗದಿದ್ದರೆ ಅವನು ಬಡವ ಎಂದೇ ಕೋರ್ಟು ಭಾವಿಸಿ, ಶ್ಯೂರಿಟಿ ಇಲ್ಲದೆ ಸ್ವಂತ ಬಾಂಡ್ ಮೇಲೆ ಬಿಡಬೇಕು. ಈ ವಿವರಣೆ ಓದುವಾಗೆಲ್ಲ ನನಗೆ ಇಂಟರ್ನ್‌ಶಿಪ್‌ನ ಒಂದು ಬೆಳಗ್ಗೆ ನೆನಪಾಗುತ್ತದೆ. ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮೈದುನನ ಹೊಲದ ಪಹಣಿ. ಮಗ ಒಳಗಿದ್ದಾನೆ. ಹೊಲ ಬೇರೆ ಜಿಲ್ಲೆಯದ್ದು, ನಡೆಯಲ್ಲ ಅಂದರಂತೆ. "ಇನ್ನೇನು ತರ್ಬೇಕಪ್ಪಾ?" ಅಂತ ನನ್ನನ್ನೇ ಕೇಳಿದರು, ಕರಿ ಕೋಟು ನೋಡಿ. ನಮ್ಮ ಸೀನಿಯರ್ ಒಳಗಿದ್ದಾರೆ, ಅವರನ್ನು ಕೇಳಿ ಅಂದು ನಾನು ಕ್ಯಾಂಟೀನಿಗೆ ಹೋದೆ. ವಾಪಸ್ ಬಂದಾಗ ಬೆಂಚು ಖಾಲಿ ಇತ್ತು. ಮಗನದು ಯಾವ ಕೇಸು, ಒಳಗೆ ಹೋಗಿ ಎಷ್ಟು ದಿನವಾಯಿತು, ಎರಡನ್ನೂ ನಾನು ಕೇಳಿರಲಿಲ್ಲ.