ಸೀಗಡಿಯನ್ನು ಉಪವಾಸ ಕೆಡವಿದರೆ ಐಪ್ಟೇಸಿಯಾ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಹವಳದ ತೊಟ್ಟಿಯಲ್ಲಿ ಐಪ್ಟೇಸಿಯಾ ಎಂಬ ಪೀಡೆ ಹಬ್ಬಿದೆ. ಅದನ್ನು ತಿನ್ನಲೆಂದು ಪೆಪ್ಪರ್‌ಮಿಂಟ್ ಸೀಗಡಿಗಳನ್ನು ಬಿಟ್ಟು ತಿಂಗಳಾದರೂ ಅವು ಮುಟ್ಟುತ್ತಿಲ್ಲ. ಒಂದು ವಾರ ಆಹಾರ ನಿಲ್ಲಿಸಿದರೆ ಹಸಿವಿಗೆ ತಿನ್ನುತ್ತವೆ ಎನ್ನುತ್ತಾರೆ. ನಿಲ್ಲಿಸಲೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಕಲಬುರಗಿಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟವರು ಬೆರಳೆಣಿಕೆಯಷ್ಟು ಮಂದಿ. ಆದರೂ ಈ ಒಂದು ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ.

ಐಪ್ಟೇಸಿಯಾ ಕಳೆಯಂತೆ ಹಬ್ಬಿದರೂ ಅದು ಗಿಡವಲ್ಲ, ಅನಿಮೋನ್ ಎಂಬ ಹೂವಿನಾಕಾರದ ಕಡಲಜೀವಿಗಳ ಜಾತಿಗೆ ಸೇರಿದ ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಕಣಗಳು ವಾಸವಾಗಿದ್ದು, ನೀವು ಹವಳಕ್ಕೆಂದು ಉರಿಸುವ ದೀಪದ ಬೆಳಕಿನಲ್ಲೇ ಅದಕ್ಕೆ ಆಹಾರ ತಯಾರಿಸಿ ಕೊಡುತ್ತವೆ. ಹೀಗಿರುವಾಗ ತೊಟ್ಟಿಗೆ ಉಪವಾಸ ಹಾಕಿದರೆ ಮೊದಲು ಬಡವಾಗುವುದು ಮೀನು, ಆಮೇಲೆ ಸೀಗಡಿ. ಯಾರನ್ನು ಓಡಿಸಬೇಕೆಂದು ಹೊರಟಿದ್ದೀರೋ ಆ ಐಪ್ಟೇಸಿಯಾ ಎಲ್ಲರಿಗಿಂತ ಕೊನೆಗೆ ಸೊರಗುತ್ತದೆ. ಮೀನು ತಿಂದು ಮುಗಿಸದಷ್ಟು ಆಹಾರ ಸುರಿಯುವವರು ಪ್ರಮಾಣ ತಗ್ಗಿಸಬೇಕು ಎಂಬುದು ಸರಿಯಾದ ಮಾತು, ಏಕೆಂದರೆ ಉಳಿದ ಚೂರುಗಳನ್ನು ತಿಂದು ಐಪ್ಟೇಸಿಯಾ ಬೇಗ ಹೆಚ್ಚುತ್ತದೆ. ಆದರೆ ತಗ್ಗಿಸುವುದು ಬೇರೆ, ಪೂರ್ತಿ ನಿಲ್ಲಿಸುವುದು ಬೇರೆ.

ಇನ್ನು ಹಸಿದ ಸೀಗಡಿಯ ಮಾತು. ನಮ್ಮ ತೊಗರಿ ಹೊಲಗಳ ಬದುವಿನಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದು ನಿಂತಿರುವಾಗ, ಮೇವು ಕಾಣದ ದನವೂ ಅದನ್ನು ದಾಟಿಹೋಗಿ ತೊಗರಿಗೇ ಬಾಯಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಆ ಗಿಡವನ್ನು ಇಷ್ಟಪಟ್ಟು ತಿನ್ನುವ ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೋದಿಂದಲೇ ತರಿಸಬೇಕಾಯಿತು. ತೊಟ್ಟಿಯಲ್ಲೂ ಹೀಗೆಯೇ. ಕುಟುಕುವ ಗ್ರಹಣಾಂಗಗಳುಳ್ಳ ಐಪ್ಟೇಸಿಯಾಕ್ಕಿಂತ ಹವಳದ ಬಾಯೊಳಗಿನ ಆಹಾರವನ್ನು ಕಸಿಯುವುದು ಹಸಿದ ಸೀಗಡಿಗೆ ಸುಲಭ. ಅದೂ ಸಿಗದಿದ್ದರೆ ಹವಳದ ಹತ್ತಿರದ ಬಂಧುಗಳಾದ ಝೋವಾಂಥಿಡ್‌ಗಳನ್ನು ಕಿತ್ತು ನೋಡುತ್ತದೆ. ಇದೇ ಕೆಲಸಕ್ಕೆಂದು ತರುವ ಕಾಪರ್‌ಬ್ಯಾಂಡ್ ಚಿಟ್ಟೆಮೀನಂತೂ ಅನೇಕ ವೇಳೆ ಅಂಗಡಿಯಿಂದ ಬರುವಾಗಲೇ ಬಡಕಲಾಗಿರುತ್ತದೆ. ಒಂದು ವಾರದ ಉಪವಾಸ ಅದರ ಪ್ರಾಣವನ್ನೇ ತೆಗೆಯಬಹುದು.

ಹಾಗಾದರೆ ನಿಮ್ಮ ಸೀಗಡಿ ಏಕೆ ಮುಟ್ಟುತ್ತಿಲ್ಲ? ಮೊದಲನೆಯದಾಗಿ, ಅದು ರಾತ್ರಿ ತಿನ್ನುವ ಪ್ರಾಣಿ. ದೀಪ ಆರಿಸಿ ಎರಡು ಗಂಟೆ ಕಳೆದ ಮೇಲೆ, ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಂಡು ನೋಡಿ. ನನ್ನ ತೊಟ್ಟಿಯ ಸೀಗಡಿ ಮೀಸೆಗಳನ್ನು ಮುಂದೆ ಚಾಚಿ, ಒಮ್ಮೆ ಸೋಕಿ ಹಿಂದೆ ಸರಿದು, ಮತ್ತೆ ಬಂದು ಪುಟ್ಟ ಚಿಮಟದಂಥ ಮುಂಗಾಲಿನಿಂದ ಒಂದೊಂದೇ ಎಳೆ ಕಿತ್ತು ಬಾಯಿಗಿಡುವುದನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಅದು ಆರಿಸಿಕೊಂಡಿದ್ದು ಕಡಲೆಬೇಳೆ ಗಾತ್ರದ ಮರಿಯನ್ನು. ರೂಪಾಯಿ ನಾಣ್ಯಕ್ಕಿಂತ ಅಗಲವಾದವುಗಳ ತಂಟೆಗೆ ಹೋಗಲಿಲ್ಲ.

ಎರಡನೆಯದಾಗಿ, ಅದು ಪೆಪ್ಪರ್‌ಮಿಂಟ್ ಆಗಿಲ್ಲದಿರಬಹುದು. ಹೈದರಾಬಾದಿನ ಅಂಗಡಿಯೊಂದರಲ್ಲಿ ಇದೇ ಹೆಸರು ಹೇಳಿ ನನಗೆ ಕ್ಯಾಮೆಲ್ ಸೀಗಡಿಗಳನ್ನು ಕೊಟ್ಟರು. ರೈಲಿನಲ್ಲಿ ಜೋಪಾನವಾಗಿ ತಂದು ಬಿಟ್ಟ ಮೂರನೆಯ ರಾತ್ರಿಗೆ ಝೋವಾಂಥಿಡ್‌ಗಳೆಲ್ಲ ಮುಚ್ಚಿಕೊಂಡವು. ಪೆಪ್ಪರ್‌ಮಿಂಟಿನ ಮೈ ಮಾಸಲು ಪಾರದರ್ಶಕವಾಗಿದ್ದು, ಉದ್ದಕ್ಕೆ ಸಣ್ಣ ಕೆಂಪು ಗೆರೆಗಳಿರುತ್ತವೆ. ಕ್ಯಾಮೆಲ್‌ಗೆ ಗೂನು ಬೆನ್ನು, ಕೆಂಪು ಮೈಮೇಲೆ ಎದ್ದು ಕಾಣುವ ಬಿಳಿ ಪಟ್ಟಿ, ಹಣೆಯಲ್ಲಿ ಮೇಲೆದ್ದು ಆಡುವ ಕೊಂಬು. ಕೊಳ್ಳುವ ಮೊದಲು ಕೊಂಬನ್ನು ನೋಡಿ.

ದೊಡ್ಡ ಐಪ್ಟೇಸಿಯಾಗಳಿಗೂ ಹೆದರದ ಪ್ರಾಣಿ ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು. ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ಅದು ತಿನ್ನುವುದಿಲ್ಲ. ತಿಂದದ್ದರ ಕುಟುಕು ಕೋಶಗಳನ್ನು ತನ್ನ ಬೆನ್ನಿನ ಗೊಂಡೆಗಳಲ್ಲಿ ಕೂಡಿಟ್ಟುಕೊಂಡು ಆತ್ಮರಕ್ಷಣೆಗೆ ಬಳಸುತ್ತದೆ. ಆದರೆ ಪೆಪ್ಪರ್‌ಮಿಂಟ್ ಸೀಗಡಿ ಬರ್ಗಿಯಾವನ್ನೇ ತಿಂದುಬಿಡುವುದರಿಂದ ಎರಡನ್ನೂ ಒಟ್ಟಿಗೆ ಇಡುವಂತಿಲ್ಲ. ಐಪ್ಟೇಸಿಯಾ ಮುಗಿದ ಮೇಲೆ ಬರ್ಗಿಯಾ ಹಸಿದು ಸಾಯುತ್ತದೆ, ಆದ್ದರಿಂದ ಅಷ್ಟರೊಳಗೆ ಅದನ್ನು ಬೇಕಾದ ಇನ್ನೊಬ್ಬರಿಗೆ ದಾಟಿಸಿ. ಯಾವುದನ್ನು ತರಿಸುವುದಾದರೂ ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳು ಬೇಡ. ಬ್ಲೇಡಿನಿಂದ ಕೆರೆಯುವುದೂ ಬೇಡ. ಕಲ್ಲಿಗಂಟಿ ಉಳಿದ ಪಾದದ ಚೂರು ಮತ್ತೊಂದು ಐಪ್ಟೇಸಿಯಾ ಆಗುತ್ತದೆ.

ಯಾರೂ ನೇರವಾಗಿ ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಐಪ್ಟೇಸಿಯಾ ಬರುವುದು ಒದ್ದೆ ಕಲ್ಲಿನ ಮೇಲೆ, ಇಲ್ಲವೇ ಹವಳದ ಬುಡದಲ್ಲಿ. ಹಾಗಿದ್ದರೆ ಇಲ್ಲೇ ಹೇರಳವಾಗಿ ಸಿಗುವ ಒಣ ಶಹಾಬಾದ್ ಕಲ್ಲನ್ನು ಏಕೆ ಬಳಸಬಾರದು? ಬಳಸಬಹುದು. ಅದು ಸುಣ್ಣದ ಕಲ್ಲು, ಉಪ್ಪುನೀರಿಗೆ ಕೆಡುಕಿಲ್ಲ. ಆದರೆ 8.1ರಿಂದ 8.3ರ ಪಿಎಚ್ ಇರುವ ನೀರಿನಲ್ಲಿ ಅದು ಕರಗುವುದಿಲ್ಲವಾದ್ದರಿಂದ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಅದರಿಂದ ಸಿಗುತ್ತದೆಂದು ನಂಬಬೇಡಿ. ಪದರು ಪದರಾದ ಗಟ್ಟಿ ಕಲ್ಲಾದ್ದರಿಂದ ಬ್ಯಾಕ್ಟೀರಿಯಾ ನೆಲೆಸಲು ರಂಧ್ರಗಳೂ ಕಡಿಮೆ. ಪಾಲಿಶ್ ಆಗದ ತುಂಡನ್ನು ತಿಕ್ಕಿ ತೊಳೆದು ಅಡಿಪಾಯಕ್ಕೆ ಇಡಿ; ಅದರ ಮೇಲೆ ಕೂರಿಸುವ ಪ್ರತಿ ಹವಳದ ಬುಡವನ್ನೂ ಭೂತಗನ್ನಡಿ ಹಿಡಿದು ನೋಡಿದ ನಂತರವೇ ನೀರಿಗಿಳಿಸಿ.