ಕೂತಷ್ಟೂ ಬಿಗಿಯಾಗುವ ಕುರ್ಚಿ

ಪಿಕಾಸಿಗೆ ಕಾವು ಹಾಕುವುದನ್ನು ನೋಡಿದ್ದೀರಾ? ಕಾವಿನ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಯಿಂದ ಪಿಕಾಸಿಯನ್ನು ತೂರಿಸಿ, ದಪ್ಪ ತುದಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಮುಗೀತು. ಮೊಳೆ ಬೇಡ, ಅಂಟು ಬೇಡ. ಬೀಸಿದಷ್ಟೂ ಬಿಗಿ. ಬಿಚ್ಚಬೇಕೆಂದರೆ ಇನ್ನೊಂದು ತುದಿಯನ್ನು ಕುಟ್ಟಿದರಾಯಿತು.

ಇದೇ ಉಪಾಯದ ಮೇಲೆ ನಿಂತ ಕುರ್ಚಿಯೊಂದಿದೆ. ಹೆಸರು ರೂರ್ಕಿ ಕುರ್ಚಿ. ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ರೂರ್ಕಿ ಈಗ ಉತ್ತರಾಖಂಡದಲ್ಲಿದೆ. ಬೆಂಗಾಲ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್‌ಗಳ ಪಡೆಯ ಊರು ಅದು.

ಅದಕ್ಕೂ ಮೊದಲು ಬ್ರಿಟಿಷ್ ಅಧಿಕಾರಿಗಳು ದಂಡಿನ ಜೊತೆ ಅರ್ಧ ಮನೆಯನ್ನೇ ಸಾಗಿಸುತ್ತಿದ್ದರು. ಮಡಚುವ ಮಂಚ, ಕಾಲು ಬಿಚ್ಚುವ ಮೇಜು, ಬರೆಯುವ ಪೆಟ್ಟಿಗೆ, ಖಾನೆಗಳಿರುವ ಕಪಾಟು. ಇದನ್ನೆಲ್ಲ ಹೊರುವವರು ಯಾರು? ಎತ್ತು, ಒಂಟೆ, ಕೂಲಿಯಾಳು. ಎತ್ತುಗಳು ಸತ್ತರೆ ಏನಾಗುತ್ತದೆ ಅನ್ನುವುದು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ನಮ್ಮಲ್ಲೇ ಗೊತ್ತಾಯಿತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದಿದ್ದ ಅವನು, ಮೇವಿಲ್ಲದೆ, ರೋಗ ಬಂದು ಎತ್ತುಗಳು ಸತ್ತಿದ್ದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸಾದ. ಫಿರಂಗಿಗೇ ಎತ್ತಿಲ್ಲ ಅಂದಮೇಲೆ ಸಾಹೇಬರ ಕಪಾಟಿಗೆ ಎಲ್ಲಿಂದ ಬರಬೇಕು?

ಆ ಕಪಾಟುಗಳಲ್ಲೂ ಜಾಣತನವಿತ್ತು, ಇಲ್ಲವೆನ್ನಲಾಗದು. ಮೇಲಿನದೊಂದು, ಕೆಳಗಿನದೊಂದು, ಹೀಗೆ ಎರಡು ಭಾಗ. ಕಾಲುಗಳು ತಿರುಗಿಸಿದರೆ ಕಳಚುತ್ತಿದ್ದವು. ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಹಿಡಿಗಳು ಹೊರಗೆ ಚಾಚದೆ ಮರದೊಳಗೇ ಹುದುಗಿರುತ್ತಿದ್ದವು, ಹಗ್ಗಕ್ಕೆ ಸಿಕ್ಕಿಹಾಕಿಕೊಳ್ಳಬಾರದಲ್ವಾ? ಕಬ್ಬಿಣ ಬಿಟ್ಟು ಹಿತ್ತಾಳೆ ಯಾಕೆ? ಹಡಗಿನ ಉಪ್ಪು ಗಾಳಿಗೆ ಹಿತ್ತಾಳೆ ಕಬ್ಬಿಣದ ಹಾಗೆ ತುಕ್ಕು ಹಿಡಿದು ಉದುರುವುದಿಲ್ಲ.

ನಿಜವಾದ ತಲೆನೋವು ಅಂಟಿನದು. ಆಗಿನ ಅಂಟು ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡಿದ್ದು. ಬಿಸಿ ನೀರಲ್ಲಿ ಕರಗಿಸಿಯೇ ಬಳಿಯಬೇಕು. ಹಾಗಾಗಿ ಸೆಕೆಯೂ ತೇವವೂ ಸೇರಿದರೆ ಮತ್ತೆ ಮೆತ್ತಗಾಗುತ್ತದೆ. ಮರವೂ ಸುಮ್ನೆ ಇರುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದು ನಮಗೆಲ್ಲ ಗೊತ್ತು. ತೇವ ಕುಡಿದ ಮರ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಇಲ್ಲ. ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಅಂಟಿಸಿದ ಕುರ್ಚಿ ಇಲ್ಲಿ ಎರಡು ಮಳೆಗಾಲ ಕಂಡರೆ ಸಂದು ಸಡಿಲ.

ರೂರ್ಕಿ ಕುರ್ಚಿ ಅಂಟಿನ ಗೋಜಿಗೇ ಹೋಗಲಿಲ್ಲ. ನಾಲ್ಕು ಕಾಲು, ನಾಲ್ಕು ಅಡ್ಡಕೋಲು. ಕೋಲಿನ ತುದಿ ಚೂಪಾಗುತ್ತಾ ಬರುತ್ತದೆ, ಕಾಲಿನ ತೂತು ಕೂಡ ಅದೇ ಅಳತೆಯಲ್ಲಿ ಕಿರಿದಾಗುತ್ತದೆ. ಎಡ ಬಲದ ಕೋಲುಗಳ ನಡುವೆ ಕ್ಯಾನ್ವಾಸ್ ಬಟ್ಟೆ, ಅದೇ ಆಸನ. ಈಗ ಅದರ ಮೇಲೆ ಕೂತುಕೊಳ್ಳಿ. ಬಟ್ಟೆ ಜಗ್ಗಿ ಎರಡೂ ಪಕ್ಕದ ಕೋಲುಗಳನ್ನು ಒಳಕ್ಕೆ ಎಳೆಯುತ್ತದೆ. ಅವುಗಳ ಜೊತೆ ಕಾಲುಗಳೂ ಒಳಕ್ಕೆ ಬರುತ್ತವೆ. ಮುಂದಿನ ಹಿಂದಿನ ಕೋಲುಗಳ ತುದಿಗಳು ಆಗ ಕಾಲಿನ ತೂತಿಗೆ ಇನ್ನಷ್ಟು ಒತ್ತಿಕೊಳ್ಳುತ್ತವೆ. ಕೂತವರ ಭಾರವೇ ಇಲ್ಲಿ ಅಂಟು. ದಪ್ಪಗಿದ್ದವರು ಕೂತರೆ ಇನ್ನೂ ಜಾಸ್ತಿ ಬಿಗಿ!

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಗುಣ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಕುಂಟುವುದಿಲ್ಲ, ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಕಾಲಿಗೆ ಆ ಭಾಗ್ಯವಿಲ್ಲ. ಹೋಟೆಲ್ ಮೇಜಿನ ಕಾಲಿಗೆ ಪೇಪರ್ ಮಡಚಿ ಕೊಡುತ್ತೇವಲ್ಲ, ಅದಕ್ಕೇ. ರೂರ್ಕಿ ಕುರ್ಚಿಯ ಸಂದುಗಳು ಅಂಟಿಲ್ಲದ್ದರಿಂದ ಚೌಕಟ್ಟು ಒಂಚೂರು ತಿರುಚಿಕೊಳ್ಳುತ್ತದೆ. ಕಲ್ಲಿರಲಿ, ಹಳ್ಳವಿರಲಿ, ನಾಲ್ಕೂ ಕಾಲು ನೆಲ ಹುಡುಕಿಕೊಂಡು ಊರುತ್ತವೆ. ಬೆನ್ನಿನ ಪಟ್ಟಿಯೂ ಬೋಲ್ಟ್ ಮೇಲೆ ಓಲಾಡುತ್ತದೆ, ಒರಗಿದ ಕಡೆಗೆ ವಾಲುತ್ತದೆ. ಬಿಡಾರ ಎತ್ತುವಾಗ ಎಲ್ಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಕಟ್ಟಿದರೆ ಕಂಕುಳಲ್ಲಿ ಇರುಕಿಕೊಳ್ಳುವಷ್ಟು ಸಣ್ಣ ಗಂಟು.

1933ರಲ್ಲಿ ಡೆನ್ಮಾರ್ಕಿನ ಕಾರೆ ಕ್ಲಿಂಟ್ ಇದೇ ಮಾದರಿಯಲ್ಲಿ ‘ಸಫಾರಿ ಕುರ್ಚಿ’ ಮಾಡಿದ. ಅದು ಇವತ್ತಿಗೂ ಮಾರಾಟದಲ್ಲಿದೆ, ಬೆಲೆಯೂ ಜೋರಾಗಿಯೇ ಇದೆ. ಕೊಂಡವರು ಅದನ್ನಿಡುವುದು ಕನ್ನಡಿಯಂಥ ನುಣುಪು ನೆಲದ ಮೇಲೆ.