ಹಣೆಪಟ್ಟಿ ನೋಡಿದರೆ ನಿಲುವು ತಿಳಿಯುತ್ತದೆಯೇ?

ಶಿರಸಿಯಲ್ಲಿ ರಾಜ್ಯಶಾಸ್ತ್ರ ಓದುವ ನಮ್ಮ ಗುಂಪಿನಲ್ಲಿ ಚುನಾವಣೆ ಮಾತು ಬಂದರೆ ಸಾಕು, ಎಡಪಂಥೀಯ, ಬಲಪಂಥೀಯ, ಪರಿಸರವಾದಿ, ಅಭಿವೃದ್ಧಿ ವಿರೋಧಿ ಅನ್ನುವ ಹಣೆಪಟ್ಟಿಗಳೇ ಜಾಸ್ತಿ. ಅಭ್ಯರ್ಥಿ ಯಾವ ವಿಷಯಕ್ಕೆ ಏನು ಹೇಳಿದ್ದಾರೆ ಅನ್ನುವುದು ಚರ್ಚೆಗೇ ಬರುವುದಿಲ್ಲ. ಅದಕ್ಕೇ ಈ ಟಿಪ್ಪಣಿ.

ಎಡ, ಬಲ ಹುಟ್ಟಿದ್ದು 1789ರ ಫ್ರಾನ್ಸ್‌ನಲ್ಲಿ. ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರದ ಪರ ಇದ್ದವರು ಅಧ್ಯಕ್ಷರ ಬಲಕ್ಕೆ, ವಿರೋಧಿಸಿದವರು ಎಡಕ್ಕೆ ಕೂತರು. ಅಂದರೆ ಒಂದು ಕಾಲದ ಒಂದೆರಡು ಪ್ರಶ್ನೆಗೆ ಹುಟ್ಟಿದ ವಿಂಗಡಣೆ ಅದು. ಅದನ್ನೇ ಹಿಡಿದು ಹೊನ್ನಾವರದ ಕಾಸರಕೋಡು ಟೊಂಕದ ಬಂದರಿನ ವಿವಾದವನ್ನೋ ಬೇಡ್ತಿ ನದಿ ನೀರು ತಿರುಗಿಸುವ ಯೋಜನೆಯನ್ನೋ ಅಳೆಯಲು ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿ. ವರದಿ ಬಂದದ್ದು 2013ರಲ್ಲಿ. ಕೇಂದ್ರದ ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ, ಕಾಂಗ್ರೆಸ್ ನೇತೃತ್ವದ ಯುಪಿಎ ಇದ್ದಾಗ. ಆಮೇಲಿನ ಕರಡುಗಳು ಬಿಜೆಪಿ ನೇತೃತ್ವದ ಎನ್‌ಡಿಎ ಕಾಲದವು. ಇತ್ತ ರಾಜ್ಯದಲ್ಲಿ ಬಿಜೆಪಿಯ ಬೊಮ್ಮಾಯಿ ಸರ್ಕಾರ ವಿರೋಧಿಸಿತು. 2024ರಲ್ಲಿ ಕಾಂಗ್ರೆಸ್‌ನ ಸಿದ್ದರಾಮಯ್ಯ ಸಂಪುಟವೂ ತಿರಸ್ಕರಿಸಿತು. ದೆಹಲಿಯಲ್ಲಿ ಕೂತಾಗ ಇಬ್ಬರೂ ಕರಡು ಹೊರಡಿಸಿದರು, ಬೆಂಗಳೂರಿನಲ್ಲಿ ಕೂತಾಗ ಇಬ್ಬರೂ ಬೇಡ ಅಂದರು. ಪಕ್ಷದ ಹೆಸರು ನೋಡಿ ಇದನ್ನು ಯಾರು ತಾನೇ ಊಹಿಸಲು ಸಾಧ್ಯ?

ಹಳೆಯ ಉದಾಹರಣೆ ಬೇಕೆಂದರೆ ಭೂಸುಧಾರಣೆ ಇದೆ. ಕರಾವಳಿಯ ಗೇಣಿದಾರರ ಪರ ದಶಕಗಟ್ಟಲೆ ಹೋರಾಡಿದವರು ಅಂಕೋಲೆಯ ದಿನಕರ ದೇಸಾಯಿ, ಜೊತೆಗೆ ಸಮಾಜವಾದಿಗಳು. ದೇಸಾಯಿಯವರು 1967ರಲ್ಲಿ ಲೋಕಸಭೆಗೆ ಗೆದ್ದದ್ದು ಪಕ್ಷೇತರರಾಗಿ. ಆದರೆ 1974ರಲ್ಲಿ ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ ತಿದ್ದುಪಡಿ ಜಾರಿಗೆ ತಂದದ್ದು ಕಾಂಗ್ರೆಸ್‌ನ ದೇವರಾಜ ಅರಸು ಸರ್ಕಾರ. ನಮ್ಮ ಅನೇಕ ಮನೆಗಳಲ್ಲಿ ಅಜ್ಜಂದಿರು ಆ ಹಕ್ಕು ಕೇಳಿ ನಮೂನೆ 7 ಅರ್ಜಿ ಕೊಟ್ಟ ಕಥೆ ಇನ್ನೂ ಕೇಳಸಿಗುತ್ತದೆ. ಬೇಡಿಕೆ ಒಬ್ಬರದು, ಕಾನೂನು ಇನ್ನೊಬ್ಬರದು.

ಹಾಗಂತ ಹಣೆಪಟ್ಟಿಗೆ ಬೆಲೆಯೇ ಇಲ್ಲ ಅಂತ ಬರೆದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ನಿಯಮ, ನೆನಪಿರಲಿ. 1985ರ 52ನೇ ತಿದ್ದುಪಡಿಯ ನಂತರ ಪಕ್ಷದ ವಿಪ್ (ಹೀಗೇ ಮತ ಹಾಕಿ ಅನ್ನುವ ಆದೇಶ) ಮೀರಿ ಮತ ಹಾಕಿದರೆ ಶಾಸಕರ, ಸಂಸದರ ಸ್ಥಾನವೇ ಹೋಗಬಹುದು. ಅಭ್ಯರ್ಥಿ ಊರಲ್ಲಿ ಏನೇ ಹೇಳಲಿ, ಸದನದಲ್ಲಿ ಮತ ಬೀಳುವುದು ಪಕ್ಷದ ಕಡೆಗೇ. ಆದ್ದರಿಂದ ಬಜೆಟ್, ಅವಿಶ್ವಾಸ ನಿರ್ಣಯ, ದೊಡ್ಡ ಮಸೂದೆಗಳ ವಿಷಯಕ್ಕೆ ಪಕ್ಷದ ಹಣೆಪಟ್ಟಿಯೇ ಹೆಚ್ಚು ಹೇಳುತ್ತದೆ. ಆ ಹಣೆಪಟ್ಟಿಯೂ ಬದಲಾಗುತ್ತದೆ ಅನ್ನಿ. ಯಲ್ಲಾಪುರದಲ್ಲಿ 2018ರಲ್ಲಿ ಕಾಂಗ್ರೆಸ್‌ನಿಂದ, 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದವರು ಶಿವರಾಮ ಹೆಬ್ಬಾರ ಅವರೇ. ಇಂಥ ಕಡೆ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಷ ಬದಲಾದ ಮೇಲೆ ಯಾವ ವಿಷಯದಲ್ಲಿ ಮಾತು ಬದಲಾಯಿತು, ಯಾವುದರಲ್ಲಿ ಇಲ್ಲ?

ಈಗ ನಿಲುವನ್ನು ಬಿಡಿಸಿ ನೋಡುವುದು ಹೇಗೆ ಅಂತ ನೋಡೋಣ. ನಮ್ಮಲ್ಲಿ ಯಾವ ಪಕ್ಷದವರೂ ಬಿಡದೆ ಹೇಳುವ ಮಾತು, "ಅರಣ್ಯ ಅತಿಕ್ರಮಣದಾರರ ಪರ ನಾವಿದ್ದೇವೆ". ಇದು ನಿಲುವೇ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ತೆರೆದು ನೋಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ವಾಸವಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ನಮ್ಮ ಜಿಲ್ಲೆಯ ಎರಡು ಸಮುದಾಯಗಳಲ್ಲಿ ಸಿದ್ದಿಗಳು ಪಂಗಡದ ಪಟ್ಟಿಯಲ್ಲಿದ್ದಾರೆ, ಹಾಲಕ್ಕಿಗಳು ಇಲ್ಲ. ಅಕ್ಕಪಕ್ಕದ ಎರಡು ಮನೆಗೆ ಎರಡು ಅಳತೆ! ಈ 75 ವರ್ಷದ ದಾಖಲೆ ಎಲ್ಲಿಂದ ತರುವುದು ಅನ್ನುವಲ್ಲೇ ಬಡವರು ಸೋಲುತ್ತಾರೆ.

ಈಗ ಅಭ್ಯರ್ಥಿಯನ್ನು ಕೇಳಿ. ಕಾಯ್ದೆಯ 75 ವರ್ಷದ ಷರತ್ತನ್ನೇ ಇಳಿಸಬೇಕು ಅನ್ನುತ್ತೀರಾ? ಅದು ಸಂಸತ್ತಿನ ಕೆಲಸ, ವಿಧಾನಸಭೆ ಅಭ್ಯರ್ಥಿ ಅಷ್ಟೇ ಹೇಳಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಇಲ್ಲವೇ ಇರುವ ನಿಯಮವನ್ನೇ ಸರಿಯಾಗಿ ಬಳಸಬೇಕು ಅನ್ನುತ್ತೀರಾ? ಈ ಕಾಯ್ದೆಯಡಿಯ ನಿಯಮ 13ರಲ್ಲಿ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಒಪ್ಪಲು ಅವಕಾಶವಿದೆ. ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಅದನ್ನು ಒಪ್ಪುವಂತೆ ಮಾಡುವುದು ರಾಜ್ಯದಲ್ಲೇ ಆಗುವ ಕೆಲಸ. ಒಂದೇ ಪಕ್ಷದ ಇಬ್ಬರು ಇಲ್ಲಿ ಬೇರೆಬೇರೆ ಉತ್ತರ ಕೊಡಬಹುದು. ನಮಗೆ ಬೇಕಾದ ನಿಲುವು ಆ ಉತ್ತರದಲ್ಲಿದೆ.

ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದನ್ನೂ ಸೇರಿಸಿ ಬರೆಯಿರಿ. ಆಸ್ಪತ್ರೆ ರಾಜ್ಯ ಪಟ್ಟಿ. ಅರಣ್ಯ 1976ರಿಂದ ಸಮವರ್ತಿ ಪಟ್ಟಿ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಕೈಗಾ ಸ್ಥಾವರದ ಅಣುಶಕ್ತಿ ಕೇಂದ್ರ ಸರ್ಕಾರದ್ದು.

ಇನ್ನೊಂದು ವಿಷಯ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಪ್ರಕರಣ, ಓದು ಎಲ್ಲ ಸಿಗುತ್ತದೆ. ನಿಲುವಿಗೆ ಅಲ್ಲಿ ಒಂದು ಸಾಲೂ ಇಲ್ಲ. ಅದಕ್ಕೆ ಸದನದಲ್ಲಿ ಅವರು ಕೇಳಿದ ಪ್ರಶ್ನೆಗಳು, ಕಲಾಪದ ವರದಿ, ಪ್ರಣಾಳಿಕೆ ನೋಡಬೇಕು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಭಾಷಣ ಕೇಳಿದ್ದಕ್ಕಿಂತ ಎಷ್ಟೋ ಪಾಲು ವಾಸಿ.

ಅಭ್ಯಾಸಕ್ಕೆ: ಕೈಗಾ ಅಣುಸ್ಥಾವರ ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ನಮ್ಮ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ದೊಡ್ಡ ಪಕ್ಷದ ಬಲವಿಲ್ಲದೆ, ನಿಲುವನ್ನೇ ನೆಚ್ಚಿ ನಿಂತವರು ಗೆದ್ದಿದ್ದರೂ ಅಣುಶಕ್ತಿಯ ವಿಷಯದಲ್ಲಿ ಒಬ್ಬ ಸಂಸದನಾಗಿ ಏನು ಮಾಡಬಹುದಿತ್ತು? ಒಂದು ಪುಟದಲ್ಲಿ ಬರೆಯಿರಿ.